ಹ್ಞೂಂ ಅನ್ನದ ಸರ್ವರ್

ಕುಣಿಗಲ್ ತಾಲ್ಲೂಕಿನ ಅಂಚೆಪಾಳ್ಯ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳೋಣ. ದೊಡ್ಡ ಕಂಪನಿಗಳ ಪರ್ಚೇಸ್ ಆರ್ಡರ್ ಬರುವುದು ಇಮೇಲಿನಲ್ಲಿ. ಬಂದ ಮೇಲ್ ತೆರೆದು, ಪಿಡಿಎಫ್ ಇಳಿಸಿಕೊಂಡು, ಪ್ರಿಂಟರಿಗೆ ಕಳಿಸುವ ಪುಟ್ಟ ಪ್ರೋಗ್ರಾಂ ಒಂದು ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿ ಹಗಲಿರುಳು ಓಡುತ್ತಿರುತ್ತದೆ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಮಾಲೀಕರ ಅಣ್ಣನ ಮಗ ಬರೆದುಕೊಟ್ಟದ್ದು. ಭಾನುವಾರ ರಾತ್ರಿ ಗಾಳಿಮಳೆಗೆ ಕರೆಂಟು ಹತ್ತು ನಿಮಿಷ ಹೋಗಿ ಬಂತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಆರಲಿಲ್ಲ. ಗೋಡೆಯ ಮೇಲಿನ ರೌಟರ್ ಮಾತ್ರ ಆರಿ ಹೊತ್ತಿಕೊಂಡಿತು. ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಎಂದಿನಂತೆ ಹಸಿರು ಚುಕ್ಕೆ, ಪಕ್ಕದಲ್ಲಿ ‘ಕನೆಕ್ಟೆಡ್’. ಪ್ರಿಂಟರಿನ ಟ್ರೇ ಮಾತ್ರ ಖಾಲಿ. ಹನ್ನೊಂದು ಗಂಟೆಗೆ ಆರ್ಡರ್ ಕೊಟ್ಟವರಿಂದಲೇ ಫೋನು: ‘ಎಂಟು ಗಂಟೆಗೇ ಮೇಲ್ ಹಾಕಿದ್ದೀವಲ್ಲ ಸಾರ್, ನೋಡಲಿಲ್ವಾ?’ ಪ್ರೋಗ್ರಾಂ ಮುಚ್ಚಿ ತೆರೆದದ್ದೇ ತಡ, ಒಂಬತ್ತು ಮೇಲ್ ಒಟ್ಟಿಗೆ ಸುರಿದವು.

ಘಟಕ ಕಲ್ಪಿತ, ಕಾಯಿಲೆ ಅಲ್ಲ. ಮೇಲ್ ಸರ್ವರಿನ ಜೊತೆ ಮಾತಾಡುವ ಪ್ರೋಗ್ರಾಂ ಬರೆದವರೆಲ್ಲ ಒಂದಲ್ಲ ಒಂದು ದಿನ ಈ ಹಸಿರು ಚುಕ್ಕೆಯಿಂದ ಮೋಸಹೋಗಿರುತ್ತಾರೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ: ಕನೆಕ್ಷನ್ ಕಟ್ಟಾಗದಂತೆ ಜೀವಂತ ಇಟ್ಟುಕೊಳ್ಳುವುದು ಹೇಗೆ? ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಅರ್ಧದಷ್ಟು ತಪ್ಪು ದಾರಿಯಲ್ಲಿದೆ.

ಕನೆಕ್ಷನ್ ಅಂದ ಕೂಡಲೇ ಮನಸ್ಸಿಗೆ ಬರುವುದು ತಂತಿ. ಕುಣಿಗಲ್ಲಿನಿಂದ ಎಲ್ಲೋ ಇರುವ ಸರ್ವರಿನವರೆಗೆ ಬಿಗಿದು ಕಟ್ಟಿದ ದಾರದ ಹಾಗೆ. ಟಿಸಿಪಿ ಎಂಬ ವ್ಯವಸ್ಥೆಯಲ್ಲಿ ಅಂಥ ದಾರವೇ ಇಲ್ಲ. ಅಲ್ಲಿರುವುದು ಎರಡು ನೆನಪು. ‘ನಾನು ಇಂಥವರ ಜೊತೆ ಮಾತಾಡುತ್ತಿದ್ದೇನೆ, ಇಷ್ಟನೆಯ ಬೈಟಿನವರೆಗೆ ಕಳಿಸಿದ್ದೇನೆ, ಅವರಿಂದ ಇಷ್ಟು ಬಂದಿದೆ’ ಎಂದು ಈ ಕಡೆಯ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ, ಆ ಕಡೆಯದೂ ಅಷ್ಟೇ. ನಡುವೆ ರೌಟರಿನಲ್ಲಿ ಇನ್ನೊಂದು ಚಿಕ್ಕ ಲೆಕ್ಕದ ಪುಸ್ತಕ: ಮನೆಯೊಳಗಿನ ಯಾವ ಯಂತ್ರದ ಯಾವ ಮಾತು ಹೊರಗಿನ ಯಾವ ವಿಳಾಸಕ್ಕೆ ಸೇರಿದ್ದು ಎಂದು. ಇಬ್ಬರೂ ಸುಮ್ಮನಿದ್ದರೆ ನಡುವೆ ಒಂದು ಪ್ಯಾಕೆಟ್ಟೂ ಓಡಾಡುವುದಿಲ್ಲ. ರೌಟರ್ ಆರಿ ಹೊತ್ತಿಕೊಂಡರೆ ನಡುವಿನ ಪುಸ್ತಕ ಅಳಿಸಿಹೋಗುತ್ತದೆ. ಫೈಬರ್ ಲೈನುಗಳಲ್ಲಿ ಬಹಳಷ್ಟು ಕಡೆ ರೌಟರ್ ಮತ್ತೆ ಲಾಗಿನ್ ಆಗಿ ಹೊಸ ವಿಳಾಸವನ್ನೇ ಪಡೆದುಕೊಳ್ಳುತ್ತದೆ. ಹಳೆಯ ಮಾತುಕತೆ ಅಲ್ಲಿಗೆ ಮುಗಿಯಿತು. ಮುಗಿದದ್ದು ಎರಡು ತುದಿಯವರಿಗೂ ಗೊತ್ತಿಲ್ಲ. ಇವರು ಕಾಯುತ್ತಿದ್ದಾರೆ, ಅವರು ಕಳಿಸಿದ್ದು ಎಲ್ಲಿಗೂ ಮುಟ್ಟುತ್ತಿಲ್ಲ. ಕನೆಕ್ಷನ್ ಮಲಗಿದೆಯೋ ಸತ್ತಿದೆಯೋ, ಎಬ್ಬಿಸಿ ನೋಡದೆ ತಿಳಿಯುವ ಉಪಾಯವಿಲ್ಲ.

ಎಬ್ಬಿಸಿ ನೋಡುವ ಏರ್ಪಾಡು ಟಿಸಿಪಿಯಲ್ಲೇ ಇದೆ, ಹೆಸರು ಕೀಪ್‌ಅಲೈವ್. 1989ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 1122 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಇದಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಅರೆಮನಸ್ಸಿನಿಂದ. ತಾನಾಗಿ ಚಾಲೂ ಆಗಿರಕೂಡದು, ಪ್ರೋಗ್ರಾಂ ಕೇಳಿದರೆ ಮಾತ್ರ. ಕೇಳಿದರೂ ಮಾಮೂಲಿ ಅಂತರ ಎರಡು ಗಂಟೆಗಿಂತ ಕಡಿಮೆ ಇರಬಾರದು. ಕಾರಣಗಳೂ ಅಲ್ಲೇ ಇವೆ: ಲೈನು ಕ್ಷಣಕಾಲ ತೊದಲಿದರೆ ಚೆನ್ನಾಗಿದ್ದ ಕನೆಕ್ಷನ್ನೂ ಕಡಿದುಹೋದೀತು, ಕೆಲಸವಿಲ್ಲದ ಪ್ಯಾಕೆಟ್ಟುಗಳು ಲೈನು ತುಂಬಿಯಾವು, ಪ್ಯಾಕೆಟ್ಟಿಗೆ ಇಷ್ಟು ಎಂದು ದುಡ್ಡು ಕಟ್ಟುವವರಿಗೆ ಸುಮ್ಮನೆ ಖರ್ಚು. ಲಿನಕ್ಸ್ ಇಂದಿಗೂ ಈ ಮಾತಿಗೆ ಬದ್ಧ. 7200 ಸೆಕೆಂಡು ಸುಮ್ಮನಿದ್ದ ಮೇಲೆ ಮೊದಲ ತಟ್ಟು, ಉತ್ತರ ಬರದಿದ್ದರೆ 75 ಸೆಕೆಂಡಿಗೊಂದರಂತೆ ಒಟ್ಟು 9 ತಟ್ಟು, ಆಮೇಲೆ ಸಾವಿನ ಘೋಷಣೆ. ಕೂಡಿದರೆ 2 ಗಂಟೆ 11 ನಿಮಿಷ 15 ಸೆಕೆಂಡು. ಕುಣಿಗಲ್ಲಿನಿಂದ ಬೆಂಗಳೂರಿಗೆ ಹೋಗಿ ಆರ್ಡರನ್ನು ಕೈಯಲ್ಲೇ ಇಸಿದುಕೊಳ್ಳಬಹುದಾದಷ್ಟು ಹೊತ್ತು.

ಅಂಚೆಪಾಳ್ಯ ಎಂಬ ಹೆಸರಿನಲ್ಲೇ ಅಂಚೆ ಇರುವುದರಿಂದ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ಸೇರಿಹೋಯಿತು. ಚೀಲ ಹೊತ್ತು ಓಡುವವನು ಮುಂದಿನ ಕಟ್ಟೆಯವರೆಗೆ ಓಡಿ, ಚೀಲ ಅಲ್ಲಿದ್ದವನ ಕೈಗೆ ದಾಟಿಸಿ, ತನ್ನ ದಾರಿ ಹಿಡಿಯುತ್ತಿದ್ದ. ಮುಂದಿನ ಕಾಗದ ಎಂದು ಬರುತ್ತದೋ ಎಂದು ಅಲ್ಲೇ ಕೂರುವ ಪದ್ಧತಿ ಇರಲಿಲ್ಲ. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದ ಎಸ್‌ಎಂಟಿಪಿ, ಅಂದರೆ ಮೇಲ್ ಕಳಿಸುವ ನಿಯಮಾವಳಿ, ಇದೇ ಜಾಯಮಾನದ್ದು. ಬಾಗಿಲು ತಟ್ಟು, ಹೆಸರು ಹೇಳು, ಚೀಲ ಕೊಡು, ರಸೀದಿ ತಗೊ, ಹೊರಡು. ಹೊರಡುವುದಕ್ಕೆ ‘ಕ್ವಿಟ್’ ಎಂಬ ಪ್ರತ್ಯೇಕ ಆಜ್ಞೆಯೇ ಇದೆ.

ಮೇಲ್ ಓದುವವರ ಕಥೆ ಬೇರೆ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದ ಐಮ್ಯಾಪ್ ಅಂಚೆಯವನಲ್ಲ, ಮನಿಯಾರ್ಡರಿಗೆ ಪೋಸ್ಟಾಫೀಸಿನ ಕಿಟಕಿಯ ಮುಂದೆ ಕಾದು ನಿಂತ ಅಜ್ಜಿ. ಬರುವವರೆಗೂ ಇರಬೇಕು.

ಸರ್ವರುಗಳ ತಾಳ್ಮೆಯೂ ಇದಕ್ಕೆ ತಕ್ಕ ಹಾಗೇ ಇದೆ. ಎಸ್‌ಎಂಟಿಪಿ ಸರ್ವರ್ ಮುಂದಿನ ಆಜ್ಞೆಗೆ ಕನಿಷ್ಠ 5 ನಿಮಿಷ ಕಾಯಬೇಕು ಎನ್ನುತ್ತದೆ 2008ರ ಆರ್‌ಎಫ್‌ಸಿ 5321. ಮೇಲ್ ಇಳಿಸಿಕೊಳ್ಳುವ ಇನ್ನೊಂದು ಪದ್ಧತಿಯಾದ ಪಾಪ್3ರ ಸರ್ವರಿಗೆ ಕನಿಷ್ಠ 10 ನಿಮಿಷ, ಐಮ್ಯಾಪಿಗೆ 30. ಇವು ಕಾಗದದ ಮೇಲಿನ ಮಾತು. ಪೋಸ್ಟ್‌ಫಿಕ್ಸ್ ಎಂಬ ಜನಪ್ರಿಯ ಮೇಲ್ ಸರ್ವರ್ ಮಾಮೂಲಿ ದಿನಗಳಲ್ಲಿ 300 ಸೆಕೆಂಡು ಕಾಯುತ್ತದೆ, ಜನಜಂಗುಳಿ ಹೆಚ್ಚಾದಾಗ ಬರೀ 10. ಹತ್ತು ಸೆಕೆಂಡು ಸುಮ್ಮನಿದ್ದರೆ ‘421’ ಎಂಬ ಸಂಖ್ಯೆ ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಪ್ರೋಗ್ರಾಂ ಆ ಹೊತ್ತಿನಲ್ಲಿ ಕಿವಿಗೊಟ್ಟಿರದಿದ್ದರೆ, ಮುಂದಿನ ಮೇಲ್ ಕಳಿಸಲು ಹೋದಾಗಲೇ ತಿಳಿಯುವುದು.

ಹಾಗಾದರೆ ಕಳಿಸುವ ಕನೆಕ್ಷನ್ನನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಲಾಭವೇ ಇಲ್ಲವೇ? ಇದೆ, ಒಂದು ಸಂದರ್ಭದಲ್ಲಿ. ತುಮಕೂರಿನ ಯಾವುದೋ ಕಾಲೇಜಿನಲ್ಲಿ ಇಂಟರ್ನಲ್ಸ್ ಅಂಕಗಳನ್ನು 600 ಪೋಷಕರಿಗೆ ಕಳಿಸಬೇಕಾಗಿದೆ ಎಂದುಕೊಳ್ಳಿ. ಪ್ರತಿ ಮೇಲಿಗೂ ಹೊಸ ಕನೆಕ್ಷನ್ ತೆರೆದರೆ ಏನೇನಾಗಬೇಕು? ಟಿಸಿಪಿ ಕೈಕುಲುಕು, ಸರ್ವರಿನ ಸ್ವಾಗತ, ‘ನಾನು ಇಂಥವ’ ಎಂಬ ಪರಿಚಯ, ‘ಗುಟ್ಟಿನಲ್ಲಿ ಮಾತಾಡೋಣ’ ಎಂಬ ಕೋರಿಕೆ, ಟಿಎಲ್‌ಎಸ್ ಬೀಗದ ಕೈ ಬದಲಾಯಿಸಿಕೊಳ್ಳುವುದು, ಬೀಗ ಹಾಕಿದ ಮೇಲೆ ಮತ್ತೊಮ್ಮೆ ಪರಿಚಯ, ಆಮೇಲೆ ಪಾಸ್‌ವರ್ಡ್. ಸುಮಾರು ಏಳು ಸಲ ಹೋಗಿ ಬರುವ ಕೆಲಸ. ಒಂದು ಸುತ್ತಿಗೆ 40 ಮಿಲಿಸೆಕೆಂಡು ಹಿಡಿದರೂ ಒಂದು ಮೇಲಿಗೆ 280, 600ಕ್ಕೆ ಹತ್ತಿರಹತ್ತಿರ ಮೂರು ನಿಮಿಷ. ಮೂರು ನಿಮಿಷ ದೊಡ್ಡದಲ್ಲ. ದೊಡ್ಡದು ಇನ್ನೊಂದು: ಕೆಲವೇ ನಿಮಿಷಗಳಲ್ಲಿ 600 ಸಲ ಲಾಗಿನ್ ಆಗುವ ಖಾತೆಯನ್ನು ಕಂಡರೆ ಯಾವ ಸರ್ವರಿಗೂ ಅನುಮಾನ ಬರುತ್ತದೆ.

ಆದ್ದರಿಂದ ಇಲ್ಲಿ ಒಮ್ಮೆ ತೆರೆದು, ಎಲ್ಲ ಕಳಿಸಿ, ಮುಚ್ಚುವುದು ಸರಿ. ಇದಕ್ಕೆ ಹೊಸದಾಗಿ ಏನೂ ಬರೆಯಬೇಕಿಲ್ಲ, ಮೇಲ್ ಕಳಿಸುವ ಸಿದ್ಧ ಲೈಬ್ರರಿಗಳಲ್ಲೇ ಏರ್ಪಾಡಿದೆ. ಪಿಎಚ್‌ಪಿ-ಮೇಲರಿನಲ್ಲಿ ‘ಎಸ್‌ಎಂಟಿಪಿ ಕೀಪ್‌ಅಲೈವ್’ ಎಂಬ ಒಂದೇ ಸಾಲಿನ ಆಯ್ಕೆ ಇದೆ, ಕೊನೆಯಲ್ಲಿ ಮುಚ್ಚುವ ಆಜ್ಞೆ ಕೊಡುವುದು ಮರೆಯದಿದ್ದರಾಯಿತು. ಪೈಥಾನಿನ ಜಾಂಗೋದಲ್ಲಿ ಮೇಲ್‌ಗಳ ಪಟ್ಟಿಯನ್ನೇ ಒಟ್ಟಿಗೆ ಕೊಟ್ಟರೆ ಅದು ಒಂದೇ ಕನೆಕ್ಷನ್ನಿನಲ್ಲಿ ಎಲ್ಲವನ್ನೂ ಸಾಗಿಸುತ್ತದೆ. ನೋಡ್‌ಮೇಲರಿನಲ್ಲಿ ‘ಪೂಲ್’ ಎಂದರೆ ಮಾಮೂಲಿಯಾಗಿ ಹೆಚ್ಚೆಂದರೆ 5 ಕನೆಕ್ಷನ್ ತೆರೆದಿಟ್ಟು, ಒಂದೊಂದರಲ್ಲೂ 100 ಮೇಲ್ ಆದ ಮೇಲೆ ತಾನೇ ಹಳೆಯದನ್ನು ಬಿಟ್ಟು ಹೊಸದನ್ನು ಕಟ್ಟಿಕೊಳ್ಳುತ್ತದೆ. ಈ ಕೊನೆಯ ಗುಣ ಗಮನಿಸತಕ್ಕದ್ದು. ಅದನ್ನು ಬರೆದವರಿಗೆ ಕನೆಕ್ಷನ್ನಿನ ಮೇಲೆ ಮೋಹವಿಲ್ಲ, ಚೆನ್ನಾಗಿರುವಾಗಲೇ ಬಿಟ್ಟುಬಿಡುತ್ತಾರೆ. ಅಂದಹಾಗೆ, ಕಾಲೇಜಿನವರು ಉಚಿತ ಜಿಮೇಲ್ ಖಾತೆಯಿಂದ ಕಳಿಸುತ್ತಿದ್ದರೆ ಇದೆಲ್ಲ ಸರಿಯಿದ್ದೂ 500ಕ್ಕೆ ನಿಲ್ಲುತ್ತದೆ. ದಿನದ ಮಿತಿ ಅಷ್ಟೇ. ಉಳಿದ ನೂರು ಪೋಷಕರಿಗೆ ಅಂಕ ತಿಳಿಯುವುದು ನಾಳೆ. ಮಕ್ಕಳಿಗೆ ಒಂದು ರಾತ್ರಿಯ ನೆಮ್ಮದಿ.

ಇದಕ್ಕೆ ಎದುರು ತುದಿಯಲ್ಲಿ ಗುಬ್ಬಿಯ ಒಂದು ಅಡಿಕೆ ಮಂಡಿಯನ್ನು ಊಹಿಸಿಕೊಳ್ಳಿ. ಸಂಜೆ ಐದಕ್ಕೆ ಅಂದಿನ ಧಾರಣೆಯ ಪಟ್ಟಿಯನ್ನು ಮೂವತ್ತು ಜನಕ್ಕೆ ಮೇಲ್ ಮಾಡುವ ಪ್ರೋಗ್ರಾಂ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಕನೆಕ್ಷನ್ ತೆರೆದು, ಸಂಜೆಯವರೆಗೆ ಅದನ್ನು ಉಳಿಸಿಕೊಳ್ಳಲು ನಿಮಿಷಕ್ಕೊಮ್ಮೆ ‘ನೋ-ಆಪ್’ ಕಳಿಸುತ್ತಾ ಕೂರುತ್ತದೆ. ನೋ-ಆಪ್ ಎಂದರೆ ಏನೂ ಮಾಡಬೇಡ ಎಂಬ ಆಜ್ಞೆ. ಉತ್ತರವಾಗಿ ಸರ್ವರ್ ‘250 ಓಕೆ’ ಎನ್ನುತ್ತದೆ, ಅಷ್ಟೇ. ಅಜ್ಜಿ ಕಥೆ ಹೇಳುವಾಗ ನಡುನಡುವೆ ‘ಕೇಳ್ತಿದ್ದೀಯೇನೋ?’ ಎನ್ನುವುದು, ಮೊಮ್ಮಗ ‘ಹ್ಞೂಂ’ ಅನ್ನುವುದು, ಅದೇ ಇದು. ಹೂಂಗುಟ್ಟದಿದ್ದರೆ ಕಥೆ ನಿಂತಿತು. ಆದರೆ ಕಥೆಯೇ ಹೇಳದೆ ಬೆಳಗಿನಿಂದ ಸಂಜೆವರೆಗೆ ‘ಕೇಳ್ತಿದ್ದೀಯಾ, ಕೇಳ್ತಿದ್ದೀಯಾ’ ಎಂದರೆ ಎಂಥ ಮೊಮ್ಮಗನಿಗೂ ರೇಗುತ್ತದೆ. ಸರ್ವರುಗಳಿಗೂ ರೇಗುತ್ತದೆ, ಅದಕ್ಕೆ ಲೆಕ್ಕವೂ ಇದೆ. ಪೋಸ್ಟ್‌ಫಿಕ್ಸ್ ಇಂಥ ಆಜ್ಞೆಗಳನ್ನು ನೇರವಾಗಿ ‘ಕಸ’ ಎಂದೇ ಕರೆದು, 100 ದಾಟಿದ ಮೇಲೆ ಒಂದೊಂದನ್ನೂ ತಪ್ಪಿನ ಖಾತೆಗೆ ಬರೆಯುತ್ತದೆ. ಸೆಂಡ್‌ಮೇಲ್ ಎಂಬ ಇನ್ನೊಂದು ಮೇಲ್ ಸರ್ವರಿನ ಸಹನೆ 20ರಲ್ಲೇ ಮುಗಿಯುತ್ತದೆ, ಆಮೇಲೆ ಬೇಕೆಂದೇ ತಡಮಾಡಿ ಉತ್ತರಿಸುತ್ತದೆ. ಈ ಕಾಟಕ್ಕಾಗಿಯೇ ಜಾವಾ ಭಾಷೆಯ ಜಾವಾಮೇಲ್ ಲೈಬ್ರರಿಯಲ್ಲಿ ನೋ-ಆಪ್ ಬದಲು ‘ರೀಸೆಟ್’ ಕಳಿಸುವ ಆಯ್ಕೆಯನ್ನು ಇಟ್ಟಿದ್ದಾರೆ. ಪೋಸ್ಟ್‌ಫಿಕ್ಸಿನ ಕಣ್ಣಿಗೆ ಅದೂ ಕಸವೇ.

ಹ್ಞೂಂ ಅಂದಮಾತ್ರಕ್ಕೆ ಭರವಸೆಯೂ ಇಲ್ಲ. ಹ್ಞೂಂ ಎಂದ ಮರುಗಳಿಗೆಯೇ ಮಗು ನಿದ್ದೆಹೋಗಬಹುದು. ನೋ-ಆಪಿಗೆ ಉತ್ತರ ಬಂದು, ಮೇಲ್ ಕಳಿಸಲು ಶುರುಮಾಡುವ ನಡುವಿನ ಕಾಲು ಸೆಕೆಂಡಿನಲ್ಲಿ ಲೈನು ಹೋದರೆ? ಹೋಗುತ್ತದೆ. ಹೀಗಾಗಿ ಮೊದಲು ಪರೀಕ್ಷೆ ಮಾಡಿದರೂ, ಕಳಿಸುವಾಗ ಕಡಿದುಹೋದರೆ ಏನು ಮಾಡಬೇಕು ಎಂಬುದನ್ನು ಬರೆದೇ ತೀರಬೇಕು. ಅದನ್ನು ಬರೆದ ಮೇಲೆ ಪರೀಕ್ಷೆಯ ಅಗತ್ಯವೇ ಬಹುಪಾಲು ಉಳಿಯುವುದಿಲ್ಲ. ಮಂಡಿಯ ಪ್ರೋಗ್ರಾಂ ಸಂಜೆ ಐದಕ್ಕೆ ಲೈನು ತೆಗೆದು, ಮೂವತ್ತೂ ಕಳಿಸಿ, ಐದು ಗಂಟೆ ಒಂದು ನಿಮಿಷಕ್ಕೆ ಮುಚ್ಚಿದರೆ ಸಾಕು.

ಕಡಿದುಹೋದರೆ ಏನು ಮಾಡಬೇಕು? ಈ ಇಡೀ ವಿಷಯದ ಕಗ್ಗಂಟು ಇರುವುದು ಇಲ್ಲಿ, ಅದೂ ಒಂದು ಚುಕ್ಕಿಯಲ್ಲಿ.

ಎಸ್‌ಎಂಟಿಪಿಯಲ್ಲಿ ಮೇಲಿನ ಒಡಲು ಮುಗಿಯಿತು ಎಂದು ಹೇಳುವ ಬಗೆ ಸರಳ: ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ, ಬೇರೇನೂ ಇಲ್ಲ. ಆ ಚುಕ್ಕಿ ತಲುಪಿದ ಮೇಲೆ ಸರ್ವರ್ ಮೇಲನ್ನು ಡಿಸ್ಕಿಗೆ ಬರೆದು, ವೈರಸ್ಸೋ ಸ್ಪಾಮೋ ನೋಡಿ, ‘250’ ಎಂದು ರಸೀದಿ ಕೊಡುತ್ತದೆ. ಈಗ ಚುಕ್ಕಿ ಹೋಯಿತು, ರಸೀದಿ ಬರುವ ಮೊದಲು ಲೈನು ಕಡಿಯಿತು ಎಂದುಕೊಳ್ಳಿ. ಮೇಲ್ ಸ್ವೀಕಾರವಾಯಿತೇ? ಕಳಿಸಿದವನಿಗೆ ಗೊತ್ತಿಲ್ಲ, ತಿಳಿಯುವ ದಾರಿಯೂ ಇಲ್ಲ. ಮತ್ತೆ ಕಳಿಸಿದರೆ ಪೋಷಕರಿಗೆ ಎರಡು ಸಲ ಹೋದೀತು. ಕಳಿಸದಿದ್ದರೆ ಒಂದು ಸಲವೂ ಹೋಗದೇ ಇದ್ದೀತು. ಕ್ರೇಗ್ ಪಾರ್ಟ್ರಿಜ್ 1988ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1047ರಲ್ಲಿ ಬರೆದದ್ದು ಇದೇ ಸಮಸ್ಯೆಯ ಬಗ್ಗೆ. ಚುಕ್ಕಿ ಕಂಡ ಮೇಲೆ ಸರ್ವರ್ ಆದಷ್ಟು ಬೇಗ ರಸೀದಿ ಕೊಡಬೇಕು ಎಂಬುದು ಅವರ ಸಲಹೆ. ಇನ್ನೊಂದು ಕಡೆಯಿಂದ, ಕಳಿಸುವವನು ಆತುರಪಡಬಾರದು. ಆರ್‌ಎಫ್‌ಸಿ 5321 ಬೇರೆ ಆಜ್ಞೆಗಳಿಗೆಲ್ಲ ಎರಡು, ಮೂರು, ಐದು ನಿಮಿಷ ಕಾಯಲು ಹೇಳಿ, ಚುಕ್ಕಿಯ ಉತ್ತರಕ್ಕೆ ಮಾತ್ರ 10 ನಿಮಿಷ ಕೊಟ್ಟಿರುವುದು ಇದಕ್ಕಾಗಿಯೇ. ಮೂವತ್ತು ಸೆಕೆಂಡಿಗೆ ಬೇಸತ್ತು ಲೈನು ಬಿಡುವ ಪ್ರೋಗ್ರಾಮುಗಳೇ ಒಂದೇ ಮೇಲನ್ನು ಮೂರು ಮೂರು ಸಲ ಕಳಿಸುವುದು.

ಪೂರ್ತಿ ಪರಿಹಾರ ಇಂದಿಗೂ ಇಲ್ಲ. ಇರುವುದು ಜಾಣತನ. ಕಳಿಸಬೇಕಾದ ಪ್ರತಿ ಮೇಲನ್ನೂ ಮೊದಲು ಡೇಟಾಬೇಸಿನ ಒಂದು ಪಟ್ಟಿಯಲ್ಲಿ ಬರೆದು, ಅದಕ್ಕೊಂದು ಮೆಸೇಜ್-ಐಡಿಯನ್ನು ಆಗಲೇ ಕೊಟ್ಟುಬಿಡುವುದು. ‘250’ ಬಂದ ಮೇಲೆ ಮಾತ್ರ ‘ಹೋಯಿತು’ ಎಂದು ಗುರುತು ಹಾಕುವುದು. ನಡುವೆ ಕಡಿದರೆ ಅದೇ ಐಡಿಯೊಂದಿಗೆ ಮತ್ತೆ ಕಳಿಸುವುದು. ಆಗ ಎರಡು ಪ್ರತಿ ಹೋದರೂ, ಒಂದೇ ಐಡಿ ಕಂಡ ಎಷ್ಟೋ ಮೇಲ್‌ಬಾಕ್ಸುಗಳು ಎರಡನೆಯದನ್ನು ಮುಚ್ಚಿಹಾಕುತ್ತವೆ. ಅಂಕಪಟ್ಟಿ ಎರಡು ಸಲ ಹೋದರೆ ನಗೆಪಾಟಲು, ಪರ್ಚೇಸ್ ಆರ್ಡರ್ ಎರಡು ಸಲ ಹೋದರೆ ಸಾವಿರ ಬೋಲ್ಟು ಹೆಚ್ಚಿಗೆ ಬಂದು ಬೀಳುತ್ತವೆ.

ಇನ್ನು ಕಿಟಕಿಯ ಮುಂದೆ ಕಾಯುವ ಅಜ್ಜಿಗೆ ಬರೋಣ. ಅಂಚೆಪಾಳ್ಯದ ಪ್ರೋಗ್ರಾಂ ಈ ಜಾತಿಯದು. ಮೊದಮೊದಲು ಐಮ್ಯಾಪ್ ಬಳಸುವವರು ಎರಡೆರಡು ನಿಮಿಷಕ್ಕೆ ‘ಬಂತಾ?’ ಎಂದು ಕೇಳುತ್ತಿದ್ದರು. ಬ್ಯಾರಿ ಲೀಬಾ 1997ರ ಜೂನಿನಲ್ಲಿ ಆರ್‌ಎಫ್‌ಸಿ 2177 ಬರೆದು ‘ಐಡಲ್’ ಎಂಬ ಆಜ್ಞೆ ತಂದರು. ಪ್ರೋಗ್ರಾಂ ‘ಐಡಲ್’ ಎಂದರೆ ಸರ್ವರ್ ಒಪ್ಪಿಕೊಂಡು ಸುಮ್ಮನಾಗುತ್ತದೆ. ಹೊಸ ಮೇಲ್ ಬಿದ್ದ ಕೂಡಲೇ ‘ಈಗ ಪೆಟ್ಟಿಗೆಯಲ್ಲಿ 24 ಇವೆ’ ಎಂದು ತಾನಾಗಿ ಕೂಗುತ್ತದೆ. ಪ್ರೋಗ್ರಾಂ ‘ಡನ್’ ಎಂದು ಕಾಯುವುದನ್ನು ನಿಲ್ಲಿಸಿ ಹೊಸದನ್ನು ತರಿಸಿಕೊಳ್ಳುತ್ತದೆ. ಸರ್ವರ್ 30 ನಿಮಿಷಕ್ಕೆ ಹೊರಗೆ ಹಾಕಬಹುದಾದ್ದರಿಂದ 29 ನಿಮಿಷಕ್ಕೊಮ್ಮೆ ‘ಡನ್’ ಎಂದು ಮತ್ತೆ ‘ಐಡಲ್’ ಎನ್ನಿ ಎಂದೂ ಲೀಬಾ ಬರೆದರು. ಈ 29 ಎಂಬ ಸಂಖ್ಯೆ ಆಮೇಲೆ ಪಾಠದ ಪುಸ್ತಕದಿಂದ ಪಾಠದ ಪುಸ್ತಕಕ್ಕೆ, ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ನಕಲಾಗುತ್ತಾ ಬಂದಿದೆ.

ಲೀಬಾ ಲೆಕ್ಕ ಹಾಕಿದ್ದು ಸರ್ವರಿನ ತಾಳ್ಮೆಯನ್ನು. ಈಗ ಕೈಕೊಡುವುದು ನಡುದಾರಿಯ ತಾಳ್ಮೆ. ನ್ಯಾಟ್ ಎನ್ನುವ ಆ ನಡುವಿನ ಲೆಕ್ಕದ ಪುಸ್ತಕದಲ್ಲಿ ಮಾತಿಲ್ಲದ ಟಿಸಿಪಿ ಕನೆಕ್ಷನ್ನಿನ ಸಾಲನ್ನು 2 ಗಂಟೆ 4 ನಿಮಿಷದೊಳಗೆ ಅಳಿಸಬಾರದು ಎಂದು 2008ರ ಆರ್‌ಎಫ್‌ಸಿ 5382 ಹೇಳುತ್ತದೆ. ಎರಡು ಗಂಟೆಯ ಕೀಪ್‌ಅಲೈವ್ ಬಂದು ಮುಟ್ಟಲಿ ಎಂಬ ಲೆಕ್ಕ. ಹೇಳುವುದು ಒಂದು, ನಡೆಯುವುದು ಇನ್ನೊಂದು. ಅಮೆಜಾನ್ ಕ್ಲೌಡಿನ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ಅಳಿಸುತ್ತದೆ, ಮೈಕ್ರೋಸಾಫ್ಟ್ ಅಝೂರಿನ ಲೋಡ್ ಬ್ಯಾಲೆನ್ಸರಿಗೆ ಮಾಮೂಲಿ 4 ನಿಮಿಷ. ಮೊಬೈಲ್ ಡೇಟಾದಲ್ಲಿ ಸಾವಿರಾರು ಗ್ರಾಹಕರು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವ ಕಡೆ ಸಾಲುಗಳಿಗೆ ಜಾಗವೇ ಇಕ್ಕಟ್ಟು. 29 ನಿಮಿಷ ಮೌನವಾಗಿ ಕೂತ ಪ್ರೋಗ್ರಾಂ ಆರನೆಯ ನಿಮಿಷಕ್ಕೇ ಸತ್ತು, ಉಳಿದ 23 ನಿಮಿಷ ಹೆಣವಾಗಿ ಕಾಯುತ್ತಿರುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಕನೆಕ್ಷನ್ ಜೀವಂತ ಇಡುವ ಮಾತಿಗೆ ನಿಜವಾದ ಅರ್ಥವಿದೆ. 29ರ ಬದಲು ಮೂರೋ ನಾಲ್ಕೋ ನಿಮಿಷಕ್ಕೆ ‘ಡನ್’, ಮತ್ತೆ ‘ಐಡಲ್’. ಅದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಬರದಿದ್ದರೆ ಕನೆಕ್ಷನ್ ಸತ್ತಿದೆ ಎಂದೇ ತಿಳಿಯುವುದು.

ಡವ್‌ಕಾಟ್ ಎಂಬ ಐಮ್ಯಾಪ್ ಸರ್ವರಿನದು ಇನ್ನೂ ಸೌಜನ್ಯ. ಯಾರೂ ಕೇಳದಿದ್ದರೂ ಎರಡು ನಿಮಿಷಕ್ಕೊಮ್ಮೆ ‘ಓಕೆ, ಸ್ಟಿಲ್ ಹಿಯರ್’ ಎನ್ನುತ್ತದೆ. ಇನ್ನೂ ಇಲ್ಲೇ ಇದ್ದೀನಿ ಅಂತ. ಗುಬ್ಬಿಯವರಿಗೆ ಈ ಉಪಾಯ ಹೊಸದಲ್ಲ. ಕಂಪನಿ ನಾಟಕಗಳಲ್ಲಿ ಹಿಂದೆ ಅರಮನೆಯ ಸೀನು ಕಟ್ಟುವ ಹೊತ್ತಿಗೆ ಮುಂದಿನ ಪರದೆ ಇಳಿಸಿ ಹಾಸ್ಯದ ದೃಶ್ಯ ನಡೆಸುತ್ತಿದ್ದರು. ಕಥೆ ಒಂದಿಂಚೂ ಮುಂದೆ ಹೋಗುತ್ತಿರಲಿಲ್ಲ, ಪ್ರೇಕ್ಷಕ ಮಾತ್ರ ಎದ್ದುಹೋಗುತ್ತಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ದೊಡ್ಡದಾಗಿ ಬೆಳೆಸಿದ ವೀರಣ್ಣನವರು ಹೆಸರು ಮಾಡಿದ್ದೂ ಹಾಸ್ಯ ಪಾತ್ರಗಳಿಂದಲೇ. ಡವ್‌ಕಾಟಿನ ಜೊತೆ ಮಾತಾಡುವ ಪ್ರೋಗ್ರಾಮಿಗೆ ಕೆಲಸ ಹಗುರ: ಐದು ನಿಮಿಷ ಏನೂ ಕೇಳಿಸದಿದ್ದರೆ ಪರದೆಯ ಹಿಂದೆ ಯಾರೂ ಇಲ್ಲ.

ಬಹುಪಾಲು ಪ್ರೋಗ್ರಾಮುಗಳು ಈ ‘ಐದು ನಿಮಿಷ’ವನ್ನೇ ಬರೆದಿರುವುದಿಲ್ಲ ಎಂಬುದು ಬೇಸರದ ಸಂಗತಿ. ಪೈಥಾನಿನ ಎಸ್‌ಎಂಟಿಪಿ ಲೈಬ್ರರಿಗೆ ಟೈಮ್‌ಔಟ್ ಹೇಳದಿದ್ದರೆ ಅದು ಕೊನೆಯಿಲ್ಲದೆ ಕಾಯುತ್ತದೆ. ಜಾವಾಮೇಲೂ ಹಾಗೇ, ಮಾಮೂಲಿ ಮೌಲ್ಯ ಅನಂತ. ಪೈಥಾನಿನ ಐಮ್ಯಾಪ್ ಲೈಬ್ರರಿಗಂತೂ ಟೈಮ್‌ಔಟ್ ಕೊಡುವ ಸೌಲಭ್ಯ ಬಂದದ್ದೇ 3.9ನೇ ಆವೃತ್ತಿಯಲ್ಲಿ, 2020ರಲ್ಲಿ. ಐಡಲ್ ಆಜ್ಞೆ ಅದರೊಳಗೆ ಸೇರಿದ್ದು 3.14ರಲ್ಲಿ, 2025ರಲ್ಲಿ, ಲೀಬಾ ಬರೆದು 28 ವರ್ಷ ಆದ ಮೇಲೆ. ಅಲ್ಲಿಯವರೆಗೆ ಊರೂರಿನ ವಿದ್ಯಾರ್ಥಿಗಳು ತಮ್ಮ ತಮ್ಮ ಐಡಲ್ ತಾವೇ ಬರೆದುಕೊಂಡರು, ಒಬ್ಬೊಬ್ಬರದೂ ಒಂದೊಂದು ಬಗೆಯಲ್ಲಿ ಮುರಿದದ್ದು. ಅಂಚೆಪಾಳ್ಯದ ಹುಡುಗನನ್ನು ಬಯ್ಯುವ ಮುಂಚೆ ಇದು ನೆನಪಿರಲಿ.

ಎಷ್ಟೇ ಹೂಂಗುಟ್ಟಿಸಿದರೂ ಉಳಿಯದ ಕನೆಕ್ಷನ್ನುಗಳೂ ಇವೆ. ಜಿಮೇಲ್ ಐಮ್ಯಾಪ್ ಸೆಷನ್ನಿಗೆ ಸುಮಾರು 24 ಗಂಟೆಯ ಆಯುಸ್ಸು ಕೊಡುತ್ತದೆ. ಪಾಸ್‌ವರ್ಡಿನ ಬದಲು ಓಆತ್ ಟೋಕನ್ನಿನಿಂದ ಒಳಗೆ ಬಂದಿದ್ದರೆ ಟೋಕನ್ನಿನ ಆಯುಸ್ಸೇ ಸೆಷನ್ನಿನದೂ, ಸಾಮಾನ್ಯವಾಗಿ ಒಂದು ಗಂಟೆ. ಒಂದು ಖಾತೆಗೆ ಏಕಕಾಲಕ್ಕೆ 15 ಕನೆಕ್ಷನ್ ಮಾತ್ರ. ಹೆಣಗಳನ್ನು ಮುಚ್ಚದೆ ಹೊಸದನ್ನು ತೆರೆಯುತ್ತಾ ಹೋಗುವ ಪ್ರೋಗ್ರಾಂ ಹದಿನಾರನೆಯ ಸಲ ಬಾಗಿಲಲ್ಲೇ ನಿಲ್ಲುತ್ತದೆ, ಜೊತೆಗೆ ಮಾಲೀಕರ ಮೊಬೈಲಿನ ಮೇಲ್ ಕೂಡ ಬಾರದಾಗುತ್ತದೆ. ಆಗ ಬೈಗುಳ ಮೊಬೈಲಿಗೆ.

ಒಟ್ಟಿನಲ್ಲಿ ಕಡಿಯುವುದು ಖಚಿತ. ಮತ್ತೆ ಕಟ್ಟುವುದು ಹೇಗೆ ಎಂಬುದರಲ್ಲಿ ಎರಡು ವಿಷಯ ಮುಖ್ಯ. ಒಂದು, ಎಲ್ಲಿಗೆ ನಿಂತಿದ್ದೆವು ಎಂಬ ನೆನಪು. ಐಮ್ಯಾಪಿನಲ್ಲಿ ಪ್ರತಿ ಮೇಲಿಗೂ ಏರುತ್ತಾ ಹೋಗುವ ಯುಐಡಿ ಎಂಬ ಸಂಖ್ಯೆ ಇದೆ. ಕೊನೆಗೆ ಕಂಡದ್ದನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡರೆ, ಮತ್ತೆ ಬಂದಾಗ ‘ಇದರ ಮುಂದಿನವು ಕೊಡಿ’ ಎಂದರಾಯಿತು. ಯುಐಡಿ-ವ್ಯಾಲಿಡಿಟಿ ಎಂಬ ಇನ್ನೊಂದು ಸಂಖ್ಯೆ ಬದಲಾಗಿದ್ದರೆ ಮಾತ್ರ ಹಳೆಯ ನೆನಪನ್ನು ಹರಿದು ಹಾಕಿ ಮೊದಲಿನಿಂದ ಎಣಿಸಬೇಕು. ‘ಓದದ ಮೇಲ್‌ಗಳನ್ನು ಕೊಡು’ ಎಂದು ಕೇಳುವ ಸುಲಭದ ದಾರಿ ಹಿಡಿದವರು, ಮಾಲೀಕರು ಮೊಬೈಲಿನಲ್ಲಿ ಆರ್ಡರನ್ನು ಮೊದಲೇ ಓದಿಬಿಟ್ಟ ದಿನ ಸಿಕ್ಕಿಬೀಳುತ್ತಾರೆ.

ಎರಡನೆಯದು ಆತುರ. ಇದನ್ನು ಗುಬ್ಬಿ, ಕುಣಿಗಲ್ ಕಡೆಯ ತೋಟದವರಿಗೆ ವಿವರಿಸಬೇಕಾಗಿಲ್ಲ. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿ ಮನೆಯಲ್ಲಿ ಮಲಗಿದವರೆಲ್ಲರ ಮೋಟಾರುಗಳೂ ತ್ರೀ ಫೇಸ್ ಬಂದ ಅದೇ ಸೆಕೆಂಡಿಗೆ ಎದ್ದು ಕೂರುತ್ತವೆ. ವೋಲ್ಟೇಜು ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗುತ್ತದೆ, ಯಾರ ಗಿಡಕ್ಕೂ ನೀರಿಲ್ಲ. ತಿಳಿದವರು ಸ್ಟಾರ್ಟರಿನಲ್ಲಿ ಟೈಮರ್ ಹಾಕಿಸಿ ತಮ್ಮ ಮೋಟಾರನ್ನು ತುಸು ತಡವಾಗಿ ಎಬ್ಬಿಸುತ್ತಾರೆ. ಕಡಿದ ಕೂಡಲೇ ಸೆಕೆಂಡಿಗೆ ಹತ್ತು ಸಲ ಮರುಪ್ರಯತ್ನಿಸುವ ಪ್ರೋಗ್ರಾಂ ಟೈಮರಿಲ್ಲದ ಸ್ಟಾರ್ಟರು. ಸರ್ವರ್ ಬಿದ್ದು ಎದ್ದಾಗ ಇಂಥ ಸಾವಿರಾರು ಮೋಟಾರು ಒಟ್ಟಿಗೆ ಬಂದು ಅದನ್ನು ಮತ್ತೆ ಬೀಳಿಸುತ್ತವೆ. ಒಂದು ಸೆಕೆಂಡು, ಎರಡು, ನಾಲ್ಕು, ಎಂಟು ಎಂದು ಅಂತರ ಹಿಗ್ಗಿಸುತ್ತಾ, ಐದು ನಿಮಿಷಕ್ಕೆ ನಿಲ್ಲಿಸಿ, ಪ್ರತಿ ಅಂತರಕ್ಕೂ ಒಂದಿಷ್ಟು ಅಡ್ಡಾದಿಡ್ಡಿ ಸೇರಿಸುವುದು ಈಗ ಎಲ್ಲರೂ ಒಪ್ಪಿದ ಪದ್ಧತಿ. ಪಾಸ್‌ವರ್ಡೇ ತಪ್ಪು ಎಂದು ಸರ್ವರ್ ಹೇಳಿದಾಗ ಮಾತ್ರ ಮರುಪ್ರಯತ್ನ ಕೂಡದು. ಅದು ಲೈನಿನ ತೊಂದರೆಯಲ್ಲ, ಎಷ್ಟು ಸಲ ತಟ್ಟಿದರೂ ತೆರೆಯದು, ಕೊನೆಗೆ ಖಾತೆಗೇ ಬೀಗ ಬೀಳುತ್ತದೆ.

ಕನೆಕ್ಷನ್ ಹಿಡಿದು ಕೂರುವ ರಗಳೆಯೇ ಬೇಡ ಎನ್ನುವವರಿಗೂ ದಾರಿಗಳಿವೆ. ಆಂಡ್ರಾಯ್ಡ್ 2015ರಲ್ಲಿ 6.0 ಆವೃತ್ತಿಯೊಂದಿಗೆ ‘ಡೋಝ್’ ತಂದು, ಮಲಗಿದ ಫೋನಿನಲ್ಲಿ ಒಂದೊಂದು ಆ್ಯಪೂ ತನ್ನದೇ ಲೈನು ಹಿಡಿಯುವುದಕ್ಕೆ ಕಡಿವಾಣ ಹಾಕಿತು. ಎಲ್ಲರ ಸುದ್ದಿಯೂ ಗೂಗಲ್ಲಿನ ಒಂದೇ ಕನೆಕ್ಷನ್ನಿನಲ್ಲಿ ಬರಲಿ, ಬ್ಯಾಟರಿ ಉಳಿಯಲಿ ಎಂದು. ಜಿಮೇಲಿನ ಎಪಿಐಯಲ್ಲಿ ‘ಹೊಸ ಮೇಲ್ ಬಂದರೆ ತಿಳಿಸು’ ಎಂದು ನೋಂದಾಯಿಸಬಹುದು, ಏಳು ದಿನದೊಳಗೆ ನವೀಕರಿಸಬೇಕು. 2019ರಲ್ಲಿ ಬಂದ ಜೆಮ್ಯಾಪ್ ಎಂಬ ಮೇಲ್ ನಿಯಮಾವಳಿ ಇಡೀ ವ್ಯವಹಾರವನ್ನು ವೆಬ್ಬಿನ ಮಾಮೂಲಿ ಕೋರಿಕೆ-ಉತ್ತರಗಳಿಗೆ ಇಳಿಸಿದೆ, ಬಳಸುವ ಸರ್ವರುಗಳು ಮಾತ್ರ ಇನ್ನೂ ಕೆಲವೇ. ಸರ್ವರ್ ತಾನೇ ಬಂದು ಬಾಗಿಲು ತಟ್ಟುವ ವೆಬ್‌ಹುಕ್ಕಿಗೆ ಹೊರಗಿನಿಂದ ಕಾಣುವ ವಿಳಾಸ ಬೇಕು. ಹಂಚಿಕೆಯ ವಿಳಾಸದ ಹಿಂದೆ ಕೂತ ಅಂಚೆಪಾಳ್ಯದ ಮೂಲೆಯ ಕಂಪ್ಯೂಟರಿಗೆ ಅದಿಲ್ಲ. ಅದಕ್ಕೆ ಐಡಲೇ ಗತಿ. ತಪ್ಪೇನಿಲ್ಲ, ಮೂವತ್ತು ವರ್ಷಕ್ಕೆ ಹತ್ತಿರವಾದ ಆ ಆಜ್ಞೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಅಣ್ಣನ ಮಗ ದಸರಾ ರಜೆಗೆ ಬಂದಾಗ ಪ್ರೋಗ್ರಾಂ ತಿದ್ದಿದನೆನ್ನೋಣ. ಹಸಿರು ಚುಕ್ಕೆ ತೆಗೆದು, ಆ ಜಾಗದಲ್ಲಿ ಸರ್ವರ್ ಕೊನೆಯ ಸಲ ಬಾಯಿಬಿಟ್ಟ ಸಮಯ ತೋರುವಂತೆ ಮಾಡಿದ. ನಾಲ್ಕು ನಿಮಿಷಕ್ಕೊಮ್ಮೆ ಡನ್, ಮತ್ತೆ ಐಡಲ್, ಓದುವುದಕ್ಕೆ ಟೈಮ್‌ಔಟ್, ಡಿಸ್ಕಿನಲ್ಲಿ ಯುಐಡಿ, ಹಿಗ್ಗುವ ಅಂತರ. ಒಟ್ಟು ನಲವತ್ತು ಸಾಲು ಹೆಚ್ಚಾಯಿತು. ಮುಂದಿನ ಮಳೆಯ ರಾತ್ರಿಯ ಲಾಗು ಹೀಗಿರುತ್ತದೆ: 2:14, ಉತ್ತರವಿಲ್ಲ, ಲೈನು ಬಿಟ್ಟೆ. 2:14, ಮರುಪ್ರಯತ್ನ, ನೆಟ್‌ವರ್ಕ್ ಇಲ್ಲ. 2:15, ಇಲ್ಲ. 2:17, ಇಲ್ಲ. 2:21, ಸಿಕ್ಕಿತು, ಕೊನೆಯ ಯುಐಡಿ 8841, ಹೊಸದು 2. 2:22, ಪ್ರಿಂಟರಿನಲ್ಲಿ ಕಾಗದ ಮುಗಿದಿದೆ.